ನೈಸ್ ಕಡೆದ ಹಿಟ್ಟು ಮತ್ತು ಒಂದು ಇಂಗ್ಲಿಷ್ ಪದದ ಕಥೆ

ಕಳೆದ ತಿಂಗಳು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದರೆ ಸುಳ್ಯ ತಾಲೂಕು, ಬೆಳ್ಳಾರೆ ಪೇಟೆಯಿಂದ ಇನ್ನೂ ಸ್ವಲ್ಪ ಒಳಗೆ. ಬೆಳಿಗ್ಗೆ ನೀರುದೋಸೆಗೆ ಅಂತ ಅಮ್ಮ ಗ್ರೈಂಡರಿಗೆ ಅಕ್ಕಿ ಹಾಕಿದ್ದಳು. ಅಕ್ಕನ ಮಗಳು ಅಲ್ಲೇ ಪಕ್ಕದಲ್ಲಿ ನಿಂತು ಕಲ್ಲು ತಿರುಗುವುದನ್ನು ನೋಡುತ್ತಿದ್ದಳು. ಅವಳು ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ.

"ಪುಟ್ಟಾ, ಒಮ್ಮೆ ಮುಟ್ಟಿ ನೋಡು. ನೈಸ್ ಆಯ್ತಾ?" ಅಂತ ಅಮ್ಮ ಕೇಳಿದಳು.

ಪುಟ್ಟಿ ಬೆರಳು ಅದ್ದಿ ನೆಕ್ಕಿ, ಮುಖ ಹುಳಿ ಮಾಡಿಕೊಂಡು, "ನೈಸ್ ಇಲ್ಲ ಅಜ್ಜೀ, ಉಪ್ಪೇ ಹಾಕ್ಲಿಲ್ಲ!" ಅಂದಳು.

ಎಲ್ಲರೂ ನಕ್ಕೆವು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಪುಟ್ಟಿಗೆ ಅವಮಾನ ಆಗಿರಬೇಕು. "ನೈಸ್ ಅಂದ್ರೆ ಒಳ್ಳೇದು ಅಂತ ಅಜ್ಜೀ. ನೀವು ಹೇಳುದು ಸ್ಮೂತ್. ನಿಮಗೆ ಗೊತ್ತಿಲ್ಲ" ಅಂತ ಗಂಭೀರವಾಗಿ ತಿದ್ದಿದಳು. ಅಮ್ಮನೂ ನಕ್ಕಳು. "ನಮಗೆಂತ ಇಂಗ್ಲಿಷ್ ಬರ್ತದಾ ಮಗಾ" ಅಂದಳು.

ಮರುದಿನ ಚಟ್ನಿಗೆ ತೆಂಗಿನಕಾಯಿ ಹಾಕುವಾಗ ಅಕ್ಕನಿಗೆ ಏನೋ ಹೇಳಲು ಹೊರಟ ಅಮ್ಮ "ಸ್ವಲ್ಪ ನೈ..." ಅನ್ನುವಲ್ಲಿಗೆ ನಿಲ್ಲಿಸಿ, ಪುಟ್ಟಿಯ ಕಡೆ ಒಮ್ಮೆ ನೋಡಿ, "...ಸಣ್ಣ ಕಡಿ" ಅಂದಳು. ಅಕ್ಕ ಗಮನಿಸಲಿಲ್ಲ. ನಾನು ಗಮನಿಸಿದೆ. ಐವತ್ತೈದು ವರ್ಷ ಬಾಯಲ್ಲಿದ್ದ ಒಂದು ಪದ ನನ್ನ ಕಣ್ಣೆದುರೇ ಗಂಟಲಲ್ಲಿ ಸಿಕ್ಕಿಬಿತ್ತು. ಯಾಕೋ ತುಂಬ ಬೇಸರವಾಯಿತು.

ಬೇಸರಕ್ಕೆ ಇನ್ನೊಂದು ಕಾರಣವೂ ಇದೆ. ಇದೇ ಪದದಲ್ಲಿ ಜಾರಿ ಬಿದ್ದವನು ನಾನೂ ಹೌದು. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಮೊದಲ ವರ್ಷ, ಕಾಲೇಜು ಯಾವುದು ಅಂತ ಬೇಡ, ಒಂದು ದಿನ ಕುಂಟುತ್ತಾ ಕ್ಲಾಸಿಗೆ ಹೋಗಿದ್ದೆ. ಏನಾಯ್ತು ಅಂತ ಲೆಕ್ಚರರ್ ಇಂಗ್ಲಿಷಿನಲ್ಲಿ ಕೇಳಿದರು. ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಎದ್ದು ನಿಂತು ಹೇಳಿದೆ - "ದ ಫ್ಲೋರ್ ವಾಸ್ ವೆರಿ ನೈಸ್ ಸರ್, ಸೋ ಐ ಫೆಲ್ ಡೌನ್."

ಅರುವತ್ತು ಜನ ಒಟ್ಟಿಗೆ ನಕ್ಕರು. ನನಗೆ ಯಾಕೆ ಅಂತಲೇ ಗೊತ್ತಾಗಲಿಲ್ಲ. ನೆಲ ನೈಸ್ ಇತ್ತು, ಜಾರಿದೆ, ಬಿದ್ದೆ. ಇದರಲ್ಲಿ ನಗುವಂಥದ್ದು ಏನಿದೆ? ಸಂಜೆ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ವಿವರಿಸಿದ ಮೇಲೆ ಗೊತ್ತಾಯಿತು, ನಾನು "ನೆಲ ಬಹಳ ಚೆನ್ನಾಗಿತ್ತು, ಆದ್ದರಿಂದ ಬಿದ್ದೆ" ಅಂದಿದ್ದೆ ಅಂತ :) ಆ ಸೆಮಿಸ್ಟರ್ ಪೂರ್ತಿ ನಾನು ಕ್ಲಾಸಿನಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ.

ಊರಿಂದ ವಾಪಸ್ ಬಂದವನಿಗೆ ಈ ಪದ ಬೆನ್ನು ಬಿಡಲಿಲ್ಲ. ಆಫೀಸಿನಲ್ಲೂ ಇದು ಎದುರಾಗುತ್ತದೆ. ಯುನಿಕ್ಸ್, ಲಿನಕ್ಸ್ ಗೊತ್ತಿದ್ದವರಿಗೆ 'ನೈಸ್' ಅನ್ನುವ ಕಮಾಂಡ್ ಪರಿಚಯವಿರುತ್ತದೆ. ಒಂದು ಪ್ರೋಗ್ರಾಂ ಪ್ರೊಸೆಸರಿನ ಸಮಯವನ್ನು ಎಷ್ಟು ಹಕ್ಕಿನಿಂದ ಕೇಳಬೇಕು ಅನ್ನುವುದನ್ನು ಹೇಳುವ ಕಮಾಂಡ್ ಅದು. ಲಿನಕ್ಸಿನಲ್ಲಿ ಈ ಸಂಖ್ಯೆ -20ರಿಂದ 19ರವರೆಗೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಪ್ರೋಗ್ರಾಂ ಹೆಚ್ಚು 'ನೈಸ್'. ಅಂದರೆ ಉಳಿದವರಿಗೆ ದಾರಿ ಬಿಟ್ಟು ತಾನು ಹಿಂದೆ ನಿಲ್ಲುತ್ತದೆ. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ 'ಪಾಪದ್ದು'. ಈ 'ಪಾಪದ್ದು' ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ.

ಹೀಗೆ ಅಡುಗೆಮನೆಯಲ್ಲಿ ಒಂದು ಅರ್ಥ, ಕ್ಲಾಸಿನಲ್ಲಿ ಒಂದು ಅರ್ಥ, ಕಂಪ್ಯೂಟರಿನಲ್ಲಿ ಇನ್ನೊಂದು. ಹಾಗಾದರೆ ಸರಿಯಾದ ಅರ್ಥ ಯಾವುದು, ಅದನ್ನು ನಿರ್ಧರಿಸುವವರು ಯಾರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ಚೆನ್ನಾಗಿದೆ, ಕೇಳಿ.

ದಡ್ಡನಿಂದ ಒಳ್ಳೆಯವನವರೆಗೆ

ಮೂಲ ಲ್ಯಾಟಿನಿನ 'ನೆಸ್ಕಿಯುಸ್'. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿ. ತಿಳಿಯದವನು, ಅಜ್ಞಾನಿ ಅಂತ ಅರ್ಥ. ಮಜಾ ಅಂದರೆ 'ಸೈನ್ಸ್' ಅನ್ನುವ ಪದ ಹುಟ್ಟಿದ್ದೂ ಇದೇ 'ಸ್ಕೀರೆ'ಯಿಂದ. ಸೈನ್ಸ್ ಮತ್ತು ನೈಸ್ ಒಂದೇ ಮನೆಯ ದಾಯಾದಿಗಳು. ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ಲ್ಯಾಟಿನಿನ ಆ 'ನೆ'ಯೂ ಸಂಸ್ಕೃತದ 'ನ'ಕಾರವೂ ಅಷ್ಟೇ, ಒಂದೇ ಮೂಲದವು.

ಲ್ಯಾಟಿನಿನಿಂದ ಈ ಪದ ಹಳೆಯ ಫ್ರೆಂಚಿಗೆ ಬಂತು. ಅಲ್ಲಿ ಅದರ ಅರ್ಥ ದಡ್ಡ, ಪೆದ್ದ. ಇಂಗ್ಲೆಂಡನ್ನು ನಾರ್ಮನರು ಗೆದ್ದದ್ದು 1066ರಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಅಲ್ಲಿನ ಅರಮನೆಯ, ನ್ಯಾಯಾಲಯದ ಮಾತು ಫ್ರೆಂಚ್. ಆಳುವವರ ಮಾತಿನಿಂದ ಇಂಗ್ಲಿಷಿನವರು ಸಾವಿರಾರು ಪದ ಎತ್ತಿಕೊಂಡರು. ನಾವು ಇಂಗ್ಲಿಷ್ ಅಂದುಕೊಂಡಿರುವ ಕೋರ್ಟು, ಜಡ್ಜು, ಟ್ಯಾಕ್ಸು ಮೂರೂ ಅವರು ಫ್ರೆಂಚಿನಿಂದ ತಂದುಕೊಂಡದ್ದು. 1300ರ ಆಸುಪಾಸಿಗೆ ನೈಸ್ ಕೂಡ ಈ ಗುಂಪಿನಲ್ಲಿ ಬಂತು. ಬಂದಾಗ ಅದರ ಅರ್ಥ ಪೆದ್ದ ಅಂತಲೇ. 14ನೆಯ ಶತಮಾನದ ಕವಿ ಚಾಸರ್ ಈ ಅರ್ಥದಲ್ಲೇ ಬಳಸಿದ್ದಾನೆ. ಆ ಕಾಲದಲ್ಲಿ ಒಬ್ಬನನ್ನು ನೈಸ್ ಅಂದಿದ್ದರೆ ಅವನು ಜಗಳಕ್ಕೆ ಬರುತ್ತಿದ್ದ.

ಆಮೇಲೆ ಶುರುವಾಯಿತು ನೋಡಿ ಅದರ ಪ್ರಯಾಣ. ಪೆದ್ದನಿಗೆ ಅಂಜಿಕೆ ಜಾಸ್ತಿ, ಹಾಗಾಗಿ ನೈಸ್ ಅಂದರೆ ಅಂಜುಬುರುಕ. ಅಂಜುವವನು ಎಲ್ಲದಕ್ಕೂ ತಕರಾರು ಮಾಡುತ್ತಾನೆ, ಹಾಗಾಗಿ ಅದು ಬೇಡ ಇದು ಬೇಡ ಅನ್ನುವವನೂ ನೈಸ್. 1400ರ ಹೊತ್ತಿಗೆ ನಾಜೂಕಾದದ್ದು, ಕೋಮಲವಾದದ್ದು. 1500ರ ನಂತರ ಸೂಕ್ಷ್ಮವಾದದ್ದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಗುರುತಿಸುವಂಥದ್ದು. ಷೇಕ್ಸ್‌ಪಿಯರನ 'ರೋಮಿಯೋ ಜೂಲಿಯೆಟ್' ನಾಟಕದಲ್ಲಿ ಪಾದ್ರಿಯೊಬ್ಬ ತಲುಪದೇ ಹೋದ ಕಾಗದದ ಬಗ್ಗೆ ಪರಿತಪಿಸುತ್ತಾ ಅದು 'ನೈಸ್' ಕಾಗದ ಆಗಿರಲಿಲ್ಲ ಅನ್ನುತ್ತಾನೆ. ಇವತ್ತಿನ ಅರ್ಥ ಹಿಡಿದು ಓದಿದರೆ ಕಾಗದ ಚೆನ್ನಾಗಿರಲಿಲ್ಲ ಅಂತಾಗುತ್ತದೆ. ಅಲ್ಲಿರುವ ಅರ್ಥ ಅದು ಕ್ಷುಲ್ಲಕವಾದದ್ದಾಗಿರಲಿಲ್ಲ, ಮಹತ್ವದ್ದಾಗಿತ್ತು ಅಂತ.

ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ್ದು 1755ರಲ್ಲಿ. ಅದರಲ್ಲಿ ನೈಸ್‌ಗೆ ಅವನು ಕೊಡುವ ಮೊದಲ ಅರ್ಥ ಅತಿ ಸೂಕ್ಷ್ಮವಾದ ನಿಖರತೆ. ನಾಜೂಕು, ಕೋಮಲ ಅನ್ನುವ ಅರ್ಥಗಳೂ ಇವೆ. 'ಒಳ್ಳೆಯದು, ಹಿತವಾದದ್ದು' ಅನ್ನುವ ಇವತ್ತಿನ ಬಳಕೆ ಲಿಖಿತ ದಾಖಲೆಗಳಲ್ಲಿ ಸಿಗುವುದು 1769ರಿಂದ. 'ದಯೆಯುಳ್ಳವನು, ಒಳ್ಳೆಯ ಮನಸ್ಸಿನವನು' ಅನ್ನುವ ಅರ್ಥ ಇನ್ನೂ ತಡ, 1830ರ ಸುಮಾರಿಗೆ.

ಹೊಸ ಅರ್ಥ ಬಂದಾಗ ಅಲ್ಲಿಯೂ ತಿದ್ದುವವರು ಇದ್ದರು! ಜೇನ್ ಆಸ್ಟೆನಳ 'ನಾರ್ತಾಂಗರ್ ಅಬ್ಬೆ' ಕಾದಂಬರಿ 1817ರ ಕೊನೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬ ಹುಡುಗಿ ಒಂದು ಪುಸ್ತಕವನ್ನು ನೈಸ್ ಪುಸ್ತಕ ಅನ್ನುತ್ತಾಳೆ. ಹುಡುಗ ಅವಳನ್ನು ಗೋಳು ಹೊಯ್ದುಕೊಳ್ಳುತ್ತಾನೆ. ಈ ಪದ ಹಿಂದೆ ಅಚ್ಚುಕಟ್ಟು, ನಾಜೂಕು ಇಂಥವಕ್ಕೆ ಮಾತ್ರ ಇತ್ತು, ಈಗ ಯಾವುದನ್ನು ಹೊಗಳುವುದಿದ್ದರೂ ಇದೊಂದೇ ಪದ ಆಗಿಬಿಟ್ಟಿದೆ ಅಂತ ಅವನ ತಕರಾರು. ಅಂದರೆ ನಮ್ಮ ಪುಟ್ಟಿ ಅಡುಗೆಮನೆಯಲ್ಲಿ ಯಾವ ಅರ್ಥವನ್ನು 'ಸರಿ' ಅಂದಳೋ ಅದನ್ನೇ 200 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ 'ತಪ್ಪು' ಅನ್ನುವವರಿದ್ದರು. ಇದನ್ನು ಓದಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ನಮ್ಮಲ್ಲೂ ಇಂಥ ಪ್ರಯಾಣಗಳಿವೆ

ದಡ್ಡ ಅನ್ನುವ ಪದ ಒಳ್ಳೆಯವನು ಆಗುವುದು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮ 'ಮುಗ್ಧ' ಪದವನ್ನು ನೋಡಿ. ಸಂಸ್ಕೃತದಲ್ಲಿ ಮುಗ್ಧ ಮತ್ತು ಮೂಢ ಎರಡೂ ಹುಟ್ಟಿದ್ದು 'ಮುಹ್' ಅನ್ನುವ ಒಂದೇ ಧಾತುವಿನಿಂದ. ಮೋಹವೂ ಅಲ್ಲಿಂದಲೇ. ಮುಗ್ಧ ಅಂದರೆ ಮೊದಲು ದಿಕ್ಕು ತೋಚದವನು, ತಿಳಿಯದವನು. ಮೂಢ ಬೈಗುಳವಾಗಿ ಉಳಿಯಿತು, ಮುಗ್ಧ ಮೆಚ್ಚುಗೆಯಾಯಿತು. ಮಗುವಿನ ನಗುವನ್ನು ಮುಗ್ಧ ನಗು ಅನ್ನುತ್ತೇವೆ, ಮೂಢ ನಗು ಅನ್ನುತ್ತೇವೆಯೇ?

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ಪುತ್ತೂರು, ಸುಳ್ಯದ ಕನ್ನಡದಲ್ಲೇ ಇದೆ. ಮೇಲೆ ಹೇಳಿದ 'ಪಾಪದ್ದು'. "ಅವ ಪಾಪದವ ಮಾರಾಯ" ಅಂದರೆ ಅವನು ಪಾಪ ಮಾಡಿದವನು ಅಂತಲ್ಲ. ಯಾರ ತಂಟೆಗೂ ಹೋಗದವನು, ಸಾಧು ಅಂತ. ಬೆಂಗಳೂರಿನಲ್ಲಿ ನನ್ನ ಮಂಡ್ಯದ ರೂಮ್‌ಮೇಟ್ ಇದನ್ನು ಮೊದಲ ಸಲ ಕೇಳಿದಾಗ "ಏನ್ ಪಾಪ ಮಾಡ್ದ?" ಅಂತ ಕೇಳಿದ್ದ. ಪಾಪ ಅನ್ನುವ ಪದ ಪಾಪಿಯ ಹತ್ತಿರದಿಂದ ಹೊರಟು, 'ಅಯ್ಯೋ ಪಾಪ' ಅನ್ನುವ ಕನಿಕರದ ದಾರಿಯಲ್ಲಿ ನಡೆದು, ಕೊನೆಗೆ ಸಾಧು ಮನುಷ್ಯನ ಮನೆಗೆ ಬಂದು ಕೂತಿದೆ. ನೈಸ್ ಪದಕ್ಕೆ ಇಂಗ್ಲಿಷಿನಲ್ಲಿ ಆದದ್ದು ಇದೇ. ನಮ್ಮ ಪಾಪದವನಿಗೂ ಅವರ ನೈಸ್ ಮನುಷ್ಯನಿಗೂ, ದಾರಿ ಬಿಟ್ಟುಕೊಡುವ ಲಿನಕ್ಸ್ ಪ್ರೋಗ್ರಾಮಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ನಮ್ಮ ನೈಸ್

ಈಗ ಅಮ್ಮನ ನೈಸಿಗೆ ಬರೋಣ. ನಮ್ಮ ಕಡೆ ಈ ಪದ ಎಲ್ಲೆಲ್ಲಿ ಬರುತ್ತದೆ ಅಂತ ಒಂದು ಕಾಗದದಲ್ಲಿ ಬರೆದು ನೋಡಿದೆ.

ಹಿಟ್ಟು ನೈಸ್ ಕಡೆಯುವುದು. ಗಾರೆಯವರು ಸಿಮೆಂಟನ್ನು ತೇಪಿ ತೇಪಿ ನೈಸ್ ಮಾಡುವುದು. ಸೀರೆಯ ಬಟ್ಟೆ ನೈಸ್ ಇರುವುದು. ನೆಲ ನೈಸ್ ಇರುವುದು (ನಾನು ಬಿದ್ದದ್ದು!). ಇವೆಲ್ಲ ಮುಟ್ಟಿ ತಿಳಿಯುವ ನೈಸು. ಇನ್ನು ಎರಡನೆಯದು ಮಾತಿನ ನೈಸು. ಪುತ್ತೂರು ಜಾತ್ರೆಗೆ ಹೋಗಲು ದುಡ್ಡು ಬೇಕು ಅಂತ ಅಜ್ಜನ ಹತ್ತಿರ ಕೂತು, ಎಲೆ ಅಡಿಕೆ ತಟ್ಟೆ ಎತ್ತಿಕೊಟ್ಟು, ಕಾಲು ಒತ್ತಿ 'ನೈಸ್ ಮಾಡುವುದು'. ಮೂರನೆಯದು ಉಪಾಯದ ನೈಸು. ಅಡಿಕೆ ಸುಲಿಯಲು ಕೂರಿಸುತ್ತಾರೆ ಅಂತ ಗೊತ್ತಾದ ಕೂಡಲೇ 'ನೈಸಾಗಿ ಜಾರಿಕೊಳ್ಳುವುದು'.

ಮೂರರಲ್ಲಿ ಒಂದರಲ್ಲೂ 'ಒಳ್ಳೆಯದು' ಅನ್ನುವ ಅರ್ಥ ಇಲ್ಲ. ಮೂರನೆಯದರಲ್ಲಂತೂ ಸ್ವಲ್ಪ ಕೆಟ್ಟದ್ದೇ ಇದೆ.

ಈ ಮೂರು ಅರ್ಥಗಳನ್ನು ಒಟ್ಟಿಗೆ ನೋಡುತ್ತಿದ್ದಾಗ ನನಗೆ ಫಕ್ಕನೆ ಹೊಳೆದದ್ದು ಕನ್ನಡದ 'ನಯ'. ನಯವಾದ ಹಲಗೆ, ಇದು ಮುಟ್ಟಿ ತಿಳಿಯುವ ನಯ. ನಯವಾದ ಮಾತು, ನಯವಿನಯ, ಇದು ಮಾತಿನ ನಯ. ನಯವಂಚಕ, ಇದು ಉಪಾಯದ ನಯ. ಮೂರಕ್ಕೆ ಮೂರೂ ತಾಳೆಯಾಗುತ್ತವೆ! ಪಕ್ಕದಲ್ಲೇ ಇರುವ 'ನುಣುಪು' ಪದವೂ ಹೀಗೇ. ಮುಟ್ಟಿದರೆ ನುಣುಪು, ತಪ್ಪಿಸಿಕೊಂಡರೆ ನುಣುಚು. ನುಣ್ಣಗಿರುವುದು ಕೈಯಿಂದ ಜಾರುತ್ತದೆ, ಜಾರುವುದು ನುಣುಚಿಕೊಳ್ಳುತ್ತದೆ. ಕನ್ನಡದ ತಲೆಯಲ್ಲಿ ಈ ನಕ್ಷೆ ಮೊದಲೇ ಬರೆದಿಟ್ಟಿತ್ತು.

ಅದರ ಮೇಲೆ ಬಂದು ಕೂತದ್ದು ನೈಸ್. ಕಿವಿಗೆ ನಯದ ತಮ್ಮನ ಹಾಗೆ ಕೇಳುವ ಪದ. ಬಂದವನನ್ನು ನಯ ತನ್ನ ಮನೆಗೇ ಕರಕೊಂಡು ಹೋಗಿ ತನ್ನ ಮೂರೂ ಕೋಣೆಗಳನ್ನು ಬಿಟ್ಟುಕೊಟ್ಟಿತು. ಜೊತೆಗೆ ಇಂಗ್ಲಿಷಿನವರು ಈ ದೇಶಕ್ಕೆ ಬಂದ ಕಾಲದಲ್ಲಿ ಅವರ ನೈಸಿಗೆ 'ನಾಜೂಕು, ಸೂಕ್ಷ್ಮ' ಅನ್ನುವ ಅರ್ಥ ಇನ್ನೂ ಗಟ್ಟಿಯಾಗಿಯೇ ಇತ್ತು ಅನ್ನುವುದನ್ನು ಜಾನ್ಸನನ ನಿಘಂಟಿನಲ್ಲಿ ನೋಡಿದೆವಲ್ಲ. ನುಣ್ಣಗೆ ಕಡೆದ ಹಿಟ್ಟಿಗೂ ಆ ಅರ್ಥಕ್ಕೂ ಬಹಳ ದೂರವಿಲ್ಲ. ನಯದ ಎಳೆತ ಒಂದು ಕಡೆ, ಆ ಹಳೆಯ ಅರ್ಥ ಇನ್ನೊಂದು ಕಡೆ. ಎರಡೂ ಸೇರಿ ಅಮ್ಮನ ನೈಸ್ ಆಗಿದೆ ಅನ್ನುವುದು ನನ್ನ ವಾದ.

ನನ್ನ ವಾದಕ್ಕೆ ಸಾಕ್ಷಿ ಬೇಕಲ್ಲ? ಅದಕ್ಕೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಮೂಲೆ ಭಾಷೆಗಳ ಸಂತೆ. ಸುಳ್ಯದ ಒಂದು ಬಸ್ಸಿನಲ್ಲಿ ತುಳು, ಅರೆಭಾಷೆ, ಹವ್ಯಕ, ಕೊಂಕಣಿ, ಮಲಯಾಳ, ಬ್ಯಾರಿ ಎಲ್ಲ ಕೇಳಿಸುತ್ತದೆ. ಕಡಬ, ನೆಲ್ಯಾಡಿ ಕಡೆ ಕೇರಳದಿಂದ ಬಂದು ರಬ್ಬರ್ ಬೆಳೆಸಿದ ಕುಟುಂಬಗಳಿವೆ. ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಮರಳಿದ ತಮಿಳರಿದ್ದಾರೆ, 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಬಂದವರು. ಇವರ ಭಾಷೆಗಳಲ್ಲೂ ನೈಸ್ ಉಂಟು! ತಮಿಳಿನಲ್ಲಿ ಹಿಟ್ಟನ್ನು 'ನೈಸಾ' ಅರೆಯುತ್ತಾರೆ, ಕೆಲಸದಿಂದ 'ನೈಸಾ' ಜಾರಿಕೊಳ್ಳುತ್ತಾರೆ. ಮಲಯಾಳದಲ್ಲಿ 'ನೈಸಾಯಿಟ್ಟ್' ತಪ್ಪಿಸಿಕೊಳ್ಳುತ್ತಾರೆ. ಮಲಬಾರಿನ ಅಕ್ಕಿಹಿಟ್ಟಿನ ತೆಳು ರೊಟ್ಟಿಯ ಹೆಸರೇ 'ನೈಸ್ ಪತ್ತಿರಿ'. ಅದು ಒಳ್ಳೆಯ ಪತ್ತಿರಿ ಅಂತಲ್ಲ (ಒಳ್ಳೆಯದೇ, ಅದು ಬೇರೆ ವಿಷಯ), ತೆಳ್ಳಗೆ ನಾಜೂಕಾಗಿ ಒತ್ತಿದ್ದು ಅಂತ. ಈ ಎರಡು ಭಾಷೆಗಳಲ್ಲೂ 'ನಯಂ' ಅನ್ನುವ ಪದ ಇದೆ, ತಮಿಳಿನಲ್ಲಿ ನಯವಂಚಕನೂ ಇದ್ದಾನೆ.

ದಕ್ಷಿಣ ಕನ್ನಡ, ಮಲಬಾರ್, ತಮಿಳುನಾಡು ಮೂರೂ 1956ರವರೆಗೆ ಮದ್ರಾಸಿನ ಒಂದೇ ಆಡಳಿತದ ಕೆಳಗಿದ್ದವು ಅನ್ನುವುದನ್ನೂ ಮರೆಯಬಾರದು. ಒಬ್ಬರು ತಪ್ಪು ಮಾಡಿದರೆ ಅದು ತಪ್ಪು. ನಯ ಗೊತ್ತಿರುವ ಇಷ್ಟು ಭಾಷೆಗಳ ಕೋಟಿಗಟ್ಟಲೆ ಜನ ಒಂದೇ ರೀತಿ 'ತಪ್ಪು' ಮಾಡಿದರೆ ಅದಕ್ಕೆ ಭಾಷೆ ಅಂತಲೇ ಹೆಸರು.

ಹೊರಗಿಂದ ಬಂದವರು

ನಮ್ಮ ಜಾಗಕ್ಕೆ ಹೊರಗಿನ ಪದಗಳು ಬಂದದ್ದು ಇದೇ ಮೊದಲೂ ಅಲ್ಲ. ಮೇಜು, ಬಟಾಟೆ, ಅನಾನಸು, ಪೇರಳೆ ಪೋರ್ಚುಗೀಸರಿಂದ ಬಂದವು. ಅರ್ಜಿ, ಜಮೀನು ಪಾರ್ಸಿ, ಅರಬಿಯ ಕಡೆಯಿಂದ. ಕಡಬ ತಾಲೂಕು ಆಗಬೇಕು ಅಂತ ಜನ ಎಷ್ಟು ವರ್ಷ ಹೋರಾಡಿದರು, ಕೊನೆಗೂ ಆಯಿತು. ಆ 'ತಾಲೂಕು' ಪದವೇ ಅರಬಿ ಮೂಲದ್ದು. ಅದನ್ನು ಕೇಳಿ ಯಾರೂ ಹೊರಗಿನದು ಅನ್ನುವುದಿಲ್ಲ.

ಇಂಗ್ಲಿಷ್ ಬಂದದ್ದು ಆಡಳಿತದ ಜೊತೆ. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೆಳಗಿದ್ದ ಅಮರಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ತೀರ್ವೆಯನ್ನು ನಗದಿನಲ್ಲೇ ಕೊಡಬೇಕು ಅಂತಾಯಿತು. 1837ರಲ್ಲಿ ಇದೇ ಸುಳ್ಯದಿಂದ ರೈತರ ದಂಡು ಎದ್ದು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿನವರೆಗೆ ಹೋಗಿ ಬಾವುಟ ಹಾರಿಸಿದ್ದು, ಆಮೇಲೆ ಸೋತು ನಾಯಕರು ನೇಣಿಗೇರಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಕಥೆ. ದಂಗೆ ಸೋತಿತು. ಕೋರ್ಟು, ಸಮನ್ಸು, ರಿಜಿಸ್ಟ್ರಿ ಊರಿಗೆ ಬಂದು ಕೂತವು.

ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಿ. ಕೋರ್ಟು, ಬಟಾಟೆ ಇಂಥ ಪದಗಳು ವಸ್ತುವಿನ ಜೊತೆ ಬಂದವು. ಆ ವಸ್ತು ನಮ್ಮಲ್ಲಿರಲಿಲ್ಲ, ಅದರ ಹೆಸರನ್ನೂ ತೆಗೆದುಕೊಂಡೆವು. ಗುಣವಾಚಕ ಹಾಗಲ್ಲ. ನುಣುಪು ನಮ್ಮಲ್ಲಿ ಮೊದಲೇ ಇತ್ತು, ಅದಕ್ಕೆ ಎರಡು ಮೂರು ಪದಗಳೂ ಇದ್ದವು. ಹಾಗಿದ್ದೂ ನೈಸ್ ಉಳಿಯಿತು ಅಂದರೆ ಯಾರೂ ಅದನ್ನು ಹೇರಲಿಲ್ಲ, ಜನ ಇಷ್ಟಪಟ್ಟು ಇಟ್ಟುಕೊಂಡರು. ಇಟ್ಟುಕೊಂಡವರು ಅದನ್ನು ಕನ್ನಡದ ಪದದ ಹಾಗೆಯೇ ದುಡಿಸಿದರು. ನೈಸು, ನೈಸಾಗು, ನೈಸಾಗಿ, ನೈಸ್ ಮಾಡು. ನಮ್ಮ ವ್ಯಾಕರಣದ ಎಲ್ಲ ಬಾಲಗಳನ್ನೂ ಅದು ಹಚ್ಚಿಕೊಂಡಿದೆ. 'ನೈಸ್ ಹಿಟ್ಟು' ಅರಿಸಮಾಸ ಆಗುತ್ತದಾ ಅಂತ ಕನ್ನಡ ಮೇಷ್ಟ್ರುಗಳು ತಲೆ ಕೆಡಿಸಿಕೊಳ್ಳಲಿ :) ಲೂಸು, ಟೈಟು, ಡಲ್ಲು ಇವುಗಳ ಕಥೆಯೂ ಇದೇ. ಕನ್ನಡದಲ್ಲಿ ಒಬ್ಬನನ್ನು 'ಲೂಸು' ಅಂದರೆ ಅವನ ಅಂಗಿ ಸಡಿಲ ಅಂತಲ್ಲವಲ್ಲ.

ನಿಘಂಟುಗಳ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಹೆಸರಿದೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದವು. ಪುತ್ತೂರಿನ ಬಾಲವನದಲ್ಲಿದ್ದ ಕಾರಂತರೂ 'ಸಿರಿಗನ್ನಡ ಅರ್ಥಕೋಶ' ಅಂತ ಒಂದನ್ನು ಮಾಡಿದರು. ಕಿಟ್ಟೆಲ್ ಜರ್ಮನಿಯಿಂದ ಬಂದವರು. ಜನ ಆಡುವುದನ್ನು ಕೇಳಿ, ಹಳೆಯ ಓಲೆಗಳನ್ನು ಓದಿ, ಅರ್ಥ ಬರೆದುಕೊಂಡರು. ನೀವು ಆಡುವುದು ತಪ್ಪು ಅಂತ ಜನರನ್ನು ತಿದ್ದುವುದು ಅವರ ಕೆಲಸವಾಗಿರಲಿಲ್ಲ. ನಮ್ಮ ಮಕ್ಕಳ ಕೈಯಲ್ಲಿರುವ ಇಂಗ್ಲಿಷ್-ಕನ್ನಡ ನಿಘಂಟು ಉಲ್ಟಾ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ನೈಸ್ ಅಂದರೆ ಒಳ್ಳೆಯದು. ಅಲ್ಲಿಗೆ ಅಜ್ಜಿಯ ನೈಸ್ ತಪ್ಪು.

ಪುಟ್ಟಿಯನ್ನು ನಾನು ದೂರುವುದಿಲ್ಲ. ಇಂಗ್ಲಿಷಿನಲ್ಲಿ ಮಾತಾಡುವಾಗ ಅವಳು ಹೇಳಿದ್ದೇ ಸರಿ. ನಾನು ಕ್ಲಾಸಿನಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ತಪ್ಪೇ. ಆದರೆ ಅಮ್ಮ ಇಂಗ್ಲಿಷ್ ಮಾತಾಡುತ್ತಿರಲಿಲ್ಲ. ಅಮ್ಮ ಕನ್ನಡ ಮಾತಾಡುತ್ತಿದ್ದಳು. ಪ್ರೋಗ್ರಾಮಿಂಗ್ ಮಾಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೇ ಹೆಸರಿನ ಫಂಕ್ಷನ್ ಎರಡು ಬೇರೆ ಬೇರೆ ಲೈಬ್ರರಿಗಳಲ್ಲಿರಬಹುದು. ಯಾವ ಲೈಬ್ರರಿಯಿಂದ ಕರೆಯುತ್ತಿದ್ದೇವೆ ಅನ್ನುವುದರ ಮೇಲೆ ಕೆಲಸ ನಡೆಯುತ್ತದೆ. ಒಂದರ ಹೆಸರಲ್ಲಿ ಇನ್ನೊಂದನ್ನು ಅಳಿಸಿ ಹಾಕುವ ಬುದ್ಧಿವಂತ ಯಾರೂ ಇಲ್ಲ. ನಾವು ಮನೆಗಳಲ್ಲಿ ಅದನ್ನೇ ಮಾಡುತ್ತಿದ್ದೇವೆ. ಇಂಗ್ಲಿಷ್ ಕಲಿತ ಮಗ, ಮೊಮ್ಮಗಳು ತಿದ್ದಿ ತಿದ್ದಿ, ಹಿರಿಯರು ಒಂದೊಂದೇ ಪದ ಬಿಟ್ಟು ಸುಮ್ಮನಾಗುತ್ತಿದ್ದಾರೆ. ನಾನೂ ಮಾಡಿದ್ದೇನೆ. ಫೋನಿನಲ್ಲಿ ಅಮ್ಮ 'ಲೈಟಾಗಿ ಜ್ವರ' ಅಂದಾಗ ಗೆಳೆಯರ ಎದುರು ನಕ್ಕವನು ನಾನೇ.

ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಹೇಳಿದೆ. ಲ್ಯಾಟಿನ್, ಫ್ರೆಂಚ್, ನಯ, ನಯವಂಚಕ, ಪತ್ತಿರಿ ಎಲ್ಲ. ತಾಳ್ಮೆಯಿಂದ ಕೇಳಿದಳು. ಮಧ್ಯದಲ್ಲಿ "ಹೌದಾ?" ಅಂದಳು. ಕೊನೆಗೆ, "ಹಾಗಾದ್ರೆ ಮೊದಲು ಅದರ ಅರ್ಥ ಪೆದ್ದ ಅಂತ ಇತ್ತಾ?" ಅಂತ ಕೇಳಿದಳು.

"ಹೌದಮ್ಮ."

"ಅಯ್ಯೋ ದೇವರೇ. ಮತ್ತೆ ಎಂತಕ್ಕೆ ಅಷ್ಟು ನೆಗಾಡಿದ್ದು ನೀವೆಲ್ಲ!" ಅಂತ ಅವಳೇ ಜೋರಾಗಿ ನಕ್ಕಳು. ಆಮೇಲೆ, "ಇಡ್ತೇನೆ ಮಗಾ, ಉದ್ದು ನೆನೆಹಾಕಿದ್ದೇನೆ, ನೈಸ್ ಕಡೀಲಿಕ್ಕುಂಟು" ಅಂತ ಫೋನ್ ಇಟ್ಟಳು.

ಸುಮ್ಮನೆ ನನ್ನ ಸಮಾಧಾನಕ್ಕೆ ಹಾಗೆ ಹೇಳಿದಳೋ, ಬಾಯಿಗೆ ತಾನಾಗಿ ಬಂತೋ... ಯಾವುದಾದರೂ ಆಗಲಿ.

ನಿಮ್ಮ ಊರುಗಳಲ್ಲಿ ನೈಸ್ ಹೇಗಿದೆ? ಹಿಟ್ಟಿಗಾ, ಮಾತಿಗಾ, ಜಾರಿಕೊಳ್ಳುವುದಕ್ಕಾ? ಹೀಗೆ ಮನೆಯಲ್ಲಿ ಬೇರೆಯೇ ಅರ್ಥ ಪಡೆದ ಇಂಗ್ಲಿಷ್ ಪದಗಳು ನಿಮ್ಮ ಅಮ್ಮ, ಅಜ್ಜಿಯರ ಬಾಯಲ್ಲಿದ್ದರೆ ಇಲ್ಲಿ ಬರೆಯಿರಿ. ತಿದ್ದುವ ಮೊದಲು ಬರೆದಿಟ್ಟುಕೊಳ್ಳೋಣ.